ಮಾತ್ರೆಗೆ ಮಾತ್ರೆ ಹೊಂದದಿದ್ದಾಗ: ಓದುಗರ ಪ್ರಶ್ನೆ, ತಜ್ಞರ ಉತ್ತರ

ದಿನಕ್ಕೆ ನಾಲ್ಕಾರು ಮಾತ್ರೆ ನುಂಗುವವರು, ಅವರನ್ನು ನೋಡಿಕೊಳ್ಳುವವರು ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಕಳಿಸಿದ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಒಬ್ಬ ಫಿಸಿಷಿಯನ್ ಮತ್ತು ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟ್. ಇಲ್ಲಿ ಓದಿದ್ದನ್ನು ನೆಚ್ಚಿಕೊಂಡು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸುವುದರಿಂದಲೂ ಅಪಾಯ ಬರುತ್ತದೆ. ಹೇಗೆಂದು ಮುಂದೆ ನೋಡಿ.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಎದೆಬಡಿತ ಏರುಪೇರು ಅಂತ ಕೆಲವು ವರ್ಷಗಳಿಂದ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಕೊಡುತ್ತಿದ್ದಾರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನ ಎಂದು ತೋರಿಸುವ ಅಂಕಿ) ಯಾವಾಗಲೂ 2.3, 2.5 ಹೀಗೆ ಇರುತ್ತಿತ್ತು. ಹೋದ ತಿಂಗಳು ಭೇದಿ ಆಯಿತೆಂದು ಪಕ್ಕದ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಐದು ದಿನ ತಗೊಂಡರು. ಆಮೇಲೆ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 6.1! ಸೊಪ್ಪು ತಿಂದದ್ದೇ ಕಾರಣ ಅಂತ ಅಮ್ಮ ಮನೆಯಲ್ಲಿ ಸೊಪ್ಪು ತರುವುದನ್ನೇ ಬಿಟ್ಟಿದ್ದಾರೆ. ಅಪ್ಪ ಮಂಡಿನೋವಿಗೂ ಆಗಾಗ ಮಾತ್ರೆ ತಗೋತಾರೆ. ಏನು ಮಾಡಬೇಕು?
— ಮಗಳು, ತ್ಯಾಗರಾಜನಗರ

ಉತ್ತರ: ಸೊಪ್ಪನ್ನು ದೂರಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹೆಚ್ಚು ತಿಂದರೆ ಐಎನ್‌ಆರ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಈಗ ಒಮ್ಮೆಲೇ ಬಿಟ್ಟರೆ ಅದು ಇನ್ನೂ ಏರಬಹುದು. ವಾರಕ್ಕೆ ಮೂರು ದಿನ ಬಸ್ಸಾರೋ ಮಸ್ಸೊಪ್ಪೋ ಮಾಡುವ ರೂಢಿಯಿದ್ದರೆ ಅದನ್ನೇ ಮುಂದುವರಿಸಿ. ಡಾಕ್ಟರು ಡೋಸ್ ಹೊಂದಿಸಿರುವುದು ಆ ಊಟಕ್ಕೆ.

ಬಹುಮಟ್ಟಿಗೆ ಕಾರಣ ಭೇದಿಯ ಮಾತ್ರೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ‘ಲೂಸ್ ಮೋಷನ್’ ಎಂದರೆ ಸಾಮಾನ್ಯವಾಗಿ ಸಿಗುವುದು ಮೆಟ್ರೊನಿಡಜೋಲ್, ಇಲ್ಲವೇ ಆಫ್ಲಾಕ್ಸಸಿನ್ ಜೊತೆ ಆರ್ನಿಡಜೋಲ್ ಸೇರಿಸಿ, ಹೆಸರಿನ ಬಾಲಕ್ಕೆ ‘ಓಜೆಡ್’ ಅಂಟಿಸಿದ ಮಾತ್ರೆ. ಇವು ವಾರ್ಫರಿನ್ ದೇಹದಿಂದ ಹೊರಹೋಗುವುದನ್ನು ನಿಧಾನ ಮಾಡುತ್ತವೆ. ನುಂಗಿದ ಡೋಸ್ ಅದೇ, ರಕ್ತದಲ್ಲಿ ಉಳಿಯುವುದು ಜಾಸ್ತಿ. ಭೇದಿಯಾದಾಗ ಊಟವೂ ಕಡಿಮೆ, ಅಂದರೆ ವಿಟಮಿನ್ ಕೆ ಕೂಡ ಕಡಿಮೆ. ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಕೂಡ ಇದೇ ಕೆಲಸ ಮಾಡುತ್ತವೆ. ವಾರ್ಫರಿನ್ ಬದಲು ಅದೇ ಬಗೆಯ ಅಸಿಟ್ರೋಮ್ ತೆಗೆದುಕೊಳ್ಳುವವರಿಗೂ ಇದೇ ಮಾತು.

ಇದು ಮೊದಲ ದಿನ ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ, ಮೊದಲೇ ತಯಾರಾಗಿರುವ ಅಂಶಗಳು ಖರ್ಚಾಗಲು ದಿನಗಳು ಬೇಕು. ಆದ್ದರಿಂದ ಇಂಥ ಆ್ಯಂಟಿಬಯಾಟಿಕ್ ಅನಿವಾರ್ಯವಾದರೆ, ಶುರುಮಾಡಿದ 3ರಿಂದ 5ನೇ ದಿನದೊಳಗೆ ಒಮ್ಮೆ ಐಎನ್‌ಆರ್ ಮಾಡಿಸಿ. ಆ್ಯಂಟಿಬಯಾಟಿಕ್ ಮುಗಿದು ಒಂದು ವಾರದ ನಂತರ ಇನ್ನೊಮ್ಮೆ. ಈ ಎರಡನೆಯದನ್ನು ಜನ ಮರೆಯುತ್ತಾರೆ. ನಡುವೆ ವಾರ್ಫರಿನ್ ಡೋಸ್ ಇಳಿಸಿದ್ದರೆ, ಆ್ಯಂಟಿಬಯಾಟಿಕ್ ನಿಂತ ಮೇಲೆ ಅದೇ ಇಳಿಸಿದ ಡೋಸ್ ಸಾಲದೆ ರಕ್ತ ಹೆಪ್ಪುಗಟ್ಟುವ ಕಡೆಗೆ ತಿರುಗುತ್ತದೆ. ಐಎನ್‌ಆರ್ 5 ದಾಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಜೊತೆಗೆ ಎಲ್ಲಾದರೂ ರಕ್ತ ಕಂಡರೆ, ಮಲ ಟಾರಿನಂತೆ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ (ಹೊರಗೆ ಗಾಯ ಇಲ್ಲದಿದ್ದರೂ) ನೇರವಾಗಿ ಆಸ್ಪತ್ರೆಗೆ ಹೋಗಿ.

ನೀರುನೀರಾದ ಸಾಮಾನ್ಯ ಭೇದಿಗೆ ಹೆಚ್ಚಿನ ಸಲ ಆ್ಯಂಟಿಬಯಾಟಿಕ್ ಬೇಕೇ ಇಲ್ಲ, ಓಆರ್‌ಎಸ್ ಸಾಕು. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ಪೊಟ್ಟಣದ ಮೇಲೆ ಓದಿಯೇ ಕಲಸಿ.

ಮಂಡಿನೋವಿನ ವಿಷಯ ಇನ್ನೂ ಗಂಭೀರ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇವು ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ, ಪ್ಲೇಟ್‌ಲೆಟ್‌ಗಳನ್ನೂ ಮಂದ ಮಾಡುತ್ತವೆ. ಇದು ಐಎನ್‌ಆರ್‌ನಲ್ಲಿ ಕಾಣುವುದಿಲ್ಲ. ರಿಪೋರ್ಟ್ 2.5 ಎಂದು ಚೆನ್ನಾಗಿಯೇ ಇರುತ್ತದೆ, ಹೊಟ್ಟೆಯಲ್ಲಿ ರಕ್ತ ಸೋರುತ್ತಿರುತ್ತದೆ. ಐಎನ್‌ಆರ್ ಬೇಡದ ಹೊಸ ಮಾತ್ರೆಗಳ (ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಾಟ್ರಾನ್) ಜೊತೆಗೂ ಈ ನೋವಿನ ಮಾತ್ರೆಗಳು ಬೇಡ. ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅದನ್ನೂ ದಿನಕ್ಕೆ 2 ಗ್ರಾಂನಷ್ಟು ಹಲವು ದಿನ ಸತತವಾಗಿ ತೆಗೆದುಕೊಂಡರೆ ಐಎನ್‌ಆರ್ ಏರಬಹುದು, ಆಗಲೂ ಪರೀಕ್ಷೆ ಬೇಕು. ಹಚ್ಚುವ ಜೆಲ್‌ನಿಂದ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ಡಾಕ್ಟರಿಗೆ ಹೇಳಿ ಬಳಸಬಹುದು.

ಪ್ರಶ್ನೆ: ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆ ತಗೊಳ್ತಿದ್ದೀನಿ. ಒಂದು ದಿನವೂ ತಪ್ಪಿಸಿಲ್ಲ, ಆದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ರಕ್ತದಲ್ಲಿ ಏರುವ ಅಂಶ) 9ಕ್ಕೆ ಏರಿದೆ. ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ, ಅದರ ಹಿಂದೆಯೇ ಗ್ಯಾಸ್ ಮಾತ್ರೆ, ಹತ್ತು ನಿಮಿಷಕ್ಕೆ ಕಾಫಿ, ತಿಂಡಿ ಆದ ಮೇಲೆ ಕ್ಯಾಲ್ಸಿಯಂ ಮತ್ತು ಐರನ್. ಕೂದಲು ಉದುರುತ್ತೆ ಅಂತ ಬಯೋಟಿನ್ ಕೂಡ ಇದೆ. ಡೋಸ್ ಜಾಸ್ತಿ ಮಾಡಬೇಕಾ?
— ಗೃಹಿಣಿ, ವಿಜಯನಗರ

ಉತ್ತರ: ಡೋಸ್ ಏರಿಸುವ ಮೊದಲು ಹೊತ್ತನ್ನು ಸರಿಮಾಡಿಕೊಳ್ಳಿ. ಕ್ಯಾಲ್ಸಿಯಂ ಮತ್ತು ಐರನ್ ನಿಮ್ಮ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ; ಅದು ರಕ್ತಕ್ಕೆ ಸೇರದೆ ಹಾಗೇ ಹೊರಹೋಗುತ್ತದೆ. ನಡುವೆ 4 ಗಂಟೆ ಅಂತರ ಬೇಕು. ಕಾಫಿಯೂ ಹೀರಿಕೆಯನ್ನು ತಗ್ಗಿಸುತ್ತದೆ.

ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಬರೀ ನೀರಿನಲ್ಲಿ. ಕಾಫಿ 7ಕ್ಕೆ, ಅರ್ಧ ಗಂಟೆಯಾದರೂ ತಡೆಯಿರಿ, ಒಂದು ಗಂಟೆ ಒಳ್ಳೆಯದು. ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ. ಐರನ್ ಸಂಜೆ ಐದರ ಸುಮಾರಿಗೆ, ಅದರ ಹಿಂದೆ ಮುಂದೆ ಒಂದೊಂದು ಗಂಟೆ ಕಾಫಿ-ಟೀ ಇಲ್ಲದಂತೆ. ಕ್ಯಾಲ್ಸಿಯಂ, ಐರನ್ ಒಂದಕ್ಕೊಂದು ಅಡ್ಡಿ, ಅವನ್ನೂ ಒಟ್ಟಿಗೆ ನುಂಗಬೇಡಿ. ಬೆಳಗಿನ ಗಡಿಬಿಡಿಯಲ್ಲಿ ಇದು ಆಗದ ಮಾತಾದರೆ ಥೈರಾಯ್ಡ್ ಮಾತ್ರೆಯನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಊಟವಾಗಿ 3 ಗಂಟೆ ಕಳೆದಿರಬೇಕು ಅಷ್ಟೆ.

ಗ್ಯಾಸ್ ಮಾತ್ರೆಯ ಕಥೆ ಬೇರೆ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲವನ್ನೇ ಇಡೀ ದಿನ ತಗ್ಗಿಸಿಡುವುದರಿಂದ ಅಂತರ ಕೊಟ್ಟರೂ ಥೈರಾಕ್ಸಿನ್ ಸರಿಯಾಗಿ ಕರಗದೆ ಹೋಗಬಹುದು. ಅದು ನಿಮಗೆ ಇನ್ನೂ ಬೇಕೇ ಎಂದು ಕೇಳಿ. ಎಂದೋ 15 ದಿನಕ್ಕೆ ಬರೆದ ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಬೇಕೇಬೇಕು ಎಂದಾದರೆ ಅದಕ್ಕೆ ತಕ್ಕಂತೆ ಡೋಸ್ ಹೊಂದಿಸುತ್ತಾರೆ.

ಬಯೋಟಿನ್ ಕೆಡಿಸುವುದು ಔಷಧವನ್ನಲ್ಲ, ಪರೀಕ್ಷೆಯನ್ನು. ಕೂದಲಿನ ಮಾತ್ರೆಗಳಲ್ಲಿರುವ 5–10 ಮಿಲಿಗ್ರಾಂ ಬಯೋಟಿನ್‌ನಿಂದ ಕೆಲವು ಲ್ಯಾಬ್ ಯಂತ್ರಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ. ಹೊತ್ತು ಬದಲಿಸಿದ 6ರಿಂದ 8 ವಾರದ ನಂತರ ಟಿಎಸ್‌ಎಚ್ ಮಾಡಿಸಿ, ಅದಕ್ಕಿಂತ ಬೇಗ ಮಾಡಿಸಿದರೆ ನಿಜವಾದ ಚಿತ್ರ ಸಿಗುವುದಿಲ್ಲ.

ಪ್ರಶ್ನೆ: ಆ್ಯಂಟಿಬಯಾಟಿಕ್ ಹಾಲಿನ ಜೊತೆ ತಗೋಬಾರದು ಅಂತಾರೆ, ನಿಜವಾ?
— ಕಾಲೇಜು ವಿದ್ಯಾರ್ಥಿ, ಯಶವಂತಪುರ

ಉತ್ತರ: ಎಲ್ಲದಕ್ಕೂ ಅಲ್ಲ. ಅಮಾಕ್ಸಿಸಿಲಿನ್‌ಗೆ ಹಾಲು ಅಡ್ಡಿಯಿಲ್ಲ. ಸಿಪ್ರೊಫ್ಲಾಕ್ಸಸಿನ್ ಮತ್ತು ಡಾಕ್ಸಿಸೈಕ್ಲಿನ್‌ಗೆ ಹಾಲು, ಮೊಸರು, ಕ್ಯಾಲ್ಸಿಯಂ, ಐರನ್, ಅಂಟಾಸಿಡ್ ಟಾನಿಕ್ ಎಲ್ಲವೂ ಅಡ್ಡಿ. ಸಿಪ್ರೊಫ್ಲಾಕ್ಸಸಿನ್ ಅನ್ನು ಕ್ಯಾಲ್ಸಿಯಂ ಅಥವಾ ಅಂಟಾಸಿಡ್‌ಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ನುಂಗಿ. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬೇಡಿ, ಅನ್ನನಾಳ ಸುಡುತ್ತದೆ. ಮನೆಯಲ್ಲಿ ಯಾರಾದರೂ ಉಬ್ಬಸಕ್ಕೆ ಡೆರಿಫಿಲಿನ್ ತೆಗೆದುಕೊಳ್ಳುತ್ತಿದ್ದರೆ ಇದನ್ನೂ ನೆನಪಿಡಿ: ಸಿಪ್ರೊಫ್ಲಾಕ್ಸಸಿನ್ ಜೊತೆಯಾದರೆ ಅದರಲ್ಲಿರುವ ಥಿಯೋಫಿಲಿನ್ ರಕ್ತದಲ್ಲಿ ಏರಿ ವಾಂತಿ, ಎದೆಬಡಿತ, ಫಿಟ್ಸ್‌ವರೆಗೆ ಹೋಗಬಹುದು.

ಪ್ರಶ್ನೆ: ನನಗೆ 61. ಬಿಪಿಗೆ ಟೆಲ್ಮಿಸಾರ್ಟಾನ್-ಎಚ್ ನುಂಗುತ್ತೇನೆ. ಸೊಂಟನೋವು ಬಂದಾಗ ನೋವಿನ ಮಾತ್ರೆ ಐದಾರು ದಿನ ತಗೊಳ್ತೀನಿ. ಬೇಸಿಗೆಯಲ್ಲಿ ದಿನಾ ಎಳನೀರು, ಮನೆಯಲ್ಲಿ ಲೋ ಸೋಡಿಯಂ ಉಪ್ಪು. ಮೊನ್ನೆ ಚೆಕಪ್‌ನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶ) 1.9, ಪೊಟ್ಯಾಸಿಯಂ 5.7. ಮೊದಲು ಎಲ್ಲ ನಾರ್ಮಲ್ ಇತ್ತು.
— ನಿವೃತ್ತ ನೌಕರರು, ಹನುಮಂತನಗರ

ಉತ್ತರ: ನೀವು ಬರೆದಿರುವ ನಾಲ್ಕೂ ಒಂದೇ ಕಡೆಗೆ ತಳ್ಳುತ್ತಿವೆ. ಈ ರಿಪೋರ್ಟ್ ಇಟ್ಟುಕೊಂಡು ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ನಡುವೆ ಇರಬೇಕು. ಹೆಚ್ಚಾದರೆ ಹೃದಯದ ಲಯ ತಪ್ಪುತ್ತದೆ, ಮುನ್ಸೂಚನೆ ಇಲ್ಲದೆಯೂ. ಇಸಿಜಿ ಬೇಕಾಗುತ್ತದೆ.

ಕಿಡ್ನಿಯ ಸೋಸುವ ಗಂಟಿಗೆ ರಕ್ತ ಬರುವ ನಾಳ ಒಂದು, ಹೋಗುವ ನಾಳ ಒಂದು ಇದೆ. ಬರುವ ನಲ್ಲಿ ತೆರೆದಿದ್ದು, ಹೋಗುವ ನಲ್ಲಿ ತುಸು ಬಿಗಿಯಾಗಿದ್ದರೆ ಮಾತ್ರ ಸೋಸುವಷ್ಟು ಒತ್ತಡ ಇರುತ್ತದೆ. ನೋವಿನ ಮಾತ್ರೆ ಬರುವ ನಲ್ಲಿಯನ್ನು ಕಿರಿದಾಗಿಸುತ್ತದೆ. ಟೆಲ್ಮಿಸಾರ್ಟಾನ್ ಹೋಗುವ ನಲ್ಲಿಯನ್ನು ಸಡಿಲಿಸುತ್ತದೆ. ‘ಎಚ್’ ಎಂದರೆ ಹೈಡ್ರೋಕ್ಲೋರೋಥಯಜೈಡ್, ಮೂತ್ರ ಹೆಚ್ಚಿಸುವ ಔಷಧ; ಅದು ಬರುವ ನೀರನ್ನೇ ಕಡಿಮೆ ಮಾಡುತ್ತದೆ. ಟೆಲ್ಮಿಸಾರ್ಟಾನ್ ಮತ್ತು ಎಚ್ ಜೋಡಿ ಬಿಪಿಗೆ ಒಳ್ಳೆಯದೇ. ಮೂರನೆಯದು ಸೇರಿದಾಗ ಕಿಡ್ನಿ ಸೋಲುತ್ತದೆ, ಹೆಚ್ಚಾಗಿ ಸೇರಿದ ಮೊದಲ ತಿಂಗಳೊಳಗೆ. ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ. ಆಗ ಬಿಪಿ ಮಾತ್ರೆ ಸಾಲದು ಎಂದು ಅದರ ಡೋಸ್ ಏರಿಸಿಬಿಡುವುದೂ ಉಂಟು.

ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ತೆಗೆದು ಆ ಜಾಗಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್. ಪ್ಯಾಕೆಟ್ ಹಿಂದೆ ಓದಿ. ಒಂದು ಲೋಟ ಎಳನೀರಿನಲ್ಲಿ, ಅಂದರೆ 250 ಮಿ.ಲೀ.ಯಲ್ಲಿ, ಸುಮಾರು 500–600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಚೆನ್ನಾಗಿರುವವರಿಗೆ ಇದು ತೊಂದರೆಯಲ್ಲ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು, ಅದರಲ್ಲೂ ಕ್ರಿಯಾಟಿನಿನ್ ಏರಿರುವವರು, ಎಳನೀರನ್ನೂ ಈ ಉಪ್ಪನ್ನೂ ಡಾಕ್ಟರನ್ನು ಕೇಳದೆ ದಿನನಿತ್ಯದ ರೂಢಿ ಮಾಡಿಕೊಳ್ಳಬಾರದು. ಇಂಥ ಬಿಪಿ ಮಾತ್ರೆ ಹೊಸದಾಗಿ ಶುರುಮಾಡಿದ ಅಥವಾ ಏರಿಸಿದ 1–2 ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ನೋಡಿಸಬೇಕು. ವಾಂತಿ-ಭೇದಿಯಾಗಿ ಊಟ ನೀರು ಸೇರದ ದಿನಗಳಲ್ಲಿ ಈ ಮಾತ್ರೆಗಳನ್ನು ಏನು ಮಾಡಬೇಕೆಂದು ಆರೋಗ್ಯವಾಗಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಜ್ವರ-ನೆಗಡಿ ಬಂದರೆ ಡೋಲೋ 650 ಜೊತೆ ನೆಗಡಿ ಮಾತ್ರೆ, ಮೈಕೈ ನೋವಿಗೆ ಇನ್ನೊಂದು ತಗೊಳ್ತೇವೆ. ಬೇರೆ ಬೇರೆ ಮಾತ್ರೆ ತಾನೇ?
— ಪಿಜಿ ವಾಸಿ, ಮಾರತ್ತಹಳ್ಳಿ

ಉತ್ತರ: ಹೆಸರು ಬೇರೆ, ಒಳಗಿರುವುದು ಬಹುಪಾಲು ಒಂದೇ. ಲೆಕ್ಕ ಹಾಕಿ ನೋಡಿ. ಡೋಲೋ 650 ದಿನಕ್ಕೆ 4, ಅಂದರೆ 2600 ಮಿಲಿಗ್ರಾಂ ಪ್ಯಾರಾಸಿಟಮಾಲ್. 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ನೆಗಡಿ ಮಾತ್ರೆ ದಿನಕ್ಕೆ 3, ಅಂದರೆ 1500. ಅಸಿಕ್ಲೋಫೆನಾಕ್ ಜೊತೆ 325 ಸೇರಿರುವ ‘-ಪಿ’ ಮಾತ್ರೆ 2, ಅಂದರೆ 650. ಒಟ್ಟು 4750. ಆರೋಗ್ಯವಂತ ವಯಸ್ಕರಿಗೂ ದಿನದ ಗರಿಷ್ಠ ಮಿತಿ 4000. ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ, ತೂಕ ಬಹಳ ಕಡಿಮೆ ಇರುವವರಿಗೆ ಇದಕ್ಕಿಂತ ಸಾಕಷ್ಟು ಕಡಿಮೆ. ಲಿವರ್‌ಗೆ ಆಗುವ ಹಾನಿ ಮೊದಲ ದಿನ ತೋರುವುದಿಲ್ಲ. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ. ಮಿತಿ ಮೀರಿದೆ ಎಂದು ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ನೆಗಡಿ ಮಾತ್ರೆಯ ಫಿನೈಲೆಫ್ರಿನ್ ಬಿಪಿ ಏರಿಸಬಹುದು. ಕ್ಲೋರ್‌ಫೆನಿರಮೈನ್ ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರ ಕಟ್ಟಿಸಬಹುದು. ಊರಿಂದ ಅಪ್ಪ ಬಂದು ನೆಗಡಿಯಾದರೆ ನಿಮ್ಮ ಮಾತ್ರೆ ಅವರಿಗೆ ಕೊಡಬೇಡಿ.

ಪ್ರಶ್ನೆ: ಜಯದೇವದಲ್ಲಿ ಸ್ಟೆಂಟ್ ಹಾಕಿ ಐದು ತಿಂಗಳಾಯಿತು. ಮಗ ನನ್ನ ಮಾತ್ರೆಗಳನ್ನೆಲ್ಲ ಒಂದು ಆ್ಯಪ್‌ಗೆ ಹಾಕಿದ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೋಡಿ ಅಪಾಯ ಅಂತ ಕೆಂಪು ಬಣ್ಣದಲ್ಲಿ ಬಂತು. ಹೆದರಿ ಎರಡು ದಿನದಿಂದ ಒಂದನ್ನು ಬಿಟ್ಟಿದ್ದೇನೆ.
— ಅಂಗಡಿ ಮಾಲೀಕರು, ಬನಶಂಕರಿ

ಉತ್ತರ: ಇವರಿಗೆ ಪತ್ರಿಕೆ ಅಚ್ಚಾಗುವವರೆಗೆ ಕಾಯಿಸದೆ ಕೂಡಲೇ ಉತ್ತರ ಕಳಿಸಿದ್ದೇವೆ: ಇವತ್ತೇ ಹೃದ್ರೋಗದ ಡಾಕ್ಟರನ್ನು ಸಂಪರ್ಕಿಸಿ, ಅವರು ಹೇಳಿದಂತೆ ಮತ್ತೆ ಶುರುಮಾಡಿ. ಬೇರೆಯವರಿಗೂ ತಿಳಿದಿರಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಆ ಎರಡನ್ನೂ ಒಟ್ಟಿಗೆ ಕೊಟ್ಟರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುವುದು ನಿಜ. ಅದು ಗೊತ್ತಿದ್ದೇ ಕೊಡುತ್ತಾರೆ. ಹೊಸ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿದರೆ ಆಗುವುದು ಹೃದಯಾಘಾತ. ಆ ಅಪಾಯ ಇನ್ನೂ ದೊಡ್ಡದು. ಆ್ಯಪ್‌ಗೆ ನಿಮ್ಮ ಸ್ಟೆಂಟ್ ಗೊತ್ತಿಲ್ಲ, ನಿಮ್ಮ ಕಿಡ್ನಿ ಗೊತ್ತಿಲ್ಲ, ಡಾಕ್ಟರು ತೂಗಿ ನೋಡಿದ್ದು ಗೊತ್ತಿಲ್ಲ. ಎರಡು ಹೆಸರು ಕಂಡರೆ ಅದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಪ್ರಶ್ನೆ ಕೇಳಲು ಒಳ್ಳೆಯ ಕಾರಣ, ಮಾತ್ರೆ ನಿಲ್ಲಿಸಲು ಅಲ್ಲ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ ಮಾತ್ರೆ), ಫಿಟ್ಸ್ ಮಾತ್ರೆ, ಬಹಳ ದಿನದಿಂದ ತೆಗೆದುಕೊಂಡ ಸ್ಟೀರಾಯ್ಡ್ ಇವನ್ನೂ ತಟ್ಟನೆ ಬಿಡುವಂತಿಲ್ಲ.

ಇವರ ಪಟ್ಟಿಯಲ್ಲಿ ನಿಜವಾಗಿ ಕೇಳಬೇಕಾದದ್ದು ಬೇರೆ ಇತ್ತು: ಒಮೆಪ್ರಜೋಲ್ ಎಂಬ ಗ್ಯಾಸ್ ಮಾತ್ರೆ. ಕ್ಲೊಪಿಡೊಗ್ರೆಲ್ ಹಾಗೇ ಕೆಲಸ ಮಾಡುವುದಿಲ್ಲ, ಲಿವರ್‌ನಲ್ಲಿ ಒಂದು ಕಿಣ್ವ ಅದನ್ನು ಸಕ್ರಿಯ ರೂಪಕ್ಕೆ ತರಬೇಕು. ಒಮೆಪ್ರಜೋಲ್, ಇಸೋಮೆಪ್ರಜೋಲ್ ಆ ಕಿಣ್ವವನ್ನು ತಡೆಯುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಹೊಟ್ಟೆಯ ರಕ್ಷಣೆಗೆ ಗ್ಯಾಸ್ ಮಾತ್ರೆ ಬೇಕಾದರೆ ಪ್ಯಾಂಟೊಪ್ರಜೋಲ್ ಸಾಮಾನ್ಯವಾದ ಬದಲಿ.

ಪ್ರಶ್ನೆ: ನನಗೆ 27. ಟಿಬಿ ಚಿಕಿತ್ಸೆ ಶುರುವಾಗಿ ಒಂದು ತಿಂಗಳು. ಮದುವೆಯಾಗಿದೆ, ಗರ್ಭನಿರೋಧಕ ಮಾತ್ರೆ ಮೊದಲಿನಿಂದ ತಗೊಳ್ತಿದ್ದೇನೆ. ಕೇಂದ್ರದಲ್ಲಿ ಕೇಳಲು ಸಂಕೋಚವಾಯಿತು. ಅತ್ತೆಗೂ ಟಿಬಿ ಮಾತ್ರೆ ನಡೀತಿದೆ, ಅವರಿಗೆ ಸಕ್ಕರೆ ಕಾಯಿಲೆ ಇದೆ.
— ಪೀಣ್ಯ

ಉತ್ತರ: ಈಗ ಆ ಮಾತ್ರೆಯನ್ನು ನಂಬುವಂತಿಲ್ಲ. ಟಿಬಿ ಚಿಕಿತ್ಸೆಯ ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಹೆಚ್ಚಿಸಿ ಗರ್ಭನಿರೋಧಕದ ಹಾರ್ಮೋನನ್ನು ಬೇಗ ಒಡೆದುಹಾಕುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆಗೂ ಇದೇ ಗತಿ. ಎರಡೆರಡು ನುಂಗುವುದು ಪರಿಹಾರವಲ್ಲ. ಕಾಪರ್-ಟಿಗೆ ರಿಫಾಂಪಿಸಿನ್ ಏನೂ ಮಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಹೆಸರಿನಲ್ಲಿ ಸಿಗುವ ಮೂರು ತಿಂಗಳ ಇಂಜೆಕ್ಷನ್‌ನ ಪರಿಣಾಮವೂ ಕುಗ್ಗುವುದಿಲ್ಲ. ಅದಾಗುವವರೆಗೆ ಕಾಂಡೋಮ್. ಟಿಬಿ ಮಾತ್ರೆ ಮುಗಿದ ಮೇಲೂ ಇನ್ನು 4 ವಾರ ಇದೇ ಎಚ್ಚರಿಕೆ ಇರಲಿ, ಲಿವರ್ ಮೊದಲಿನ ಲಯಕ್ಕೆ ಮರಳಲು ಅಷ್ಟು ಸಮಯ ಬೇಕು. ಈಗಾಗಲೇ ಮುಟ್ಟು ತಡವಾಗಿದ್ದರೆ ಪರೀಕ್ಷೆ ಮಾಡಿಸಿ. ಟಿಬಿ ಮಾತ್ರೆಯನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ನಿಮ್ಹಾನ್ಸ್‌ನಲ್ಲಿ ಅಥವಾ ಬೇರೆಡೆ ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪಿನ್ ಪಡೆಯುತ್ತಿರುವ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ. ಸಂಕೋಚ ಬೇಡ, ನರ್ಸ್‌ಗಳ ಬಳಿ ಈ ಪ್ರಶ್ನೆ ದಿನಾ ಬರುವಂಥದ್ದು.

ನಿಮ್ಮ ಅತ್ತೆಯವರ ವಿಷಯ. ರಿಫಾಂಪಿಸಿನ್ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯ ಬಲವನ್ನೂ, ಅಮ್ಲೋಡಿಪಿನ್‌ನಂಥ ಬಿಪಿ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ. ಆದ್ದರಿಂದ ಚಿಕಿತ್ಸೆಯ ಆರು ತಿಂಗಳಲ್ಲಿ ಆ ಡೋಸ್‌ಗಳನ್ನು ಏರಿಸಬೇಕಾಗಬಹುದು. ನಿಜವಾದ ಅಪಾಯ ಇರುವುದು ಟಿಬಿ ಮಾತ್ರೆ ಮುಗಿದ ಮೇಲೆ. ಏರಿಸಿದ ಡೋಸ್ ಹಾಗೇ ಉಳಿದು, ಎರಡು-ಮೂರು ವಾರದಲ್ಲಿ ಸಕ್ಕರೆ ತೀರಾ ಇಳಿದು ಬೀಳುವ ಸಂಭವ. ಕೊನೆಯ ಟಿಬಿ ಮಾತ್ರೆಯ ದಿನಾಂಕ ಗೊತ್ತಾದ ಕೂಡಲೇ ಸಕ್ಕರೆ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕೆಮ್ಮಿಗೆ ಕಷಾಯ ಮಾಡುವುದು ರೂಢಿ. ಇಂಗ್ಲಿಷ್ ಮಾತ್ರೆ ಜೊತೆ ನಾಟಿ ಔಷಧ ತಗೊಂಡರೆ ಏನೂ ಆಗೋದಿಲ್ಲ ಅಲ್ವಾ? ಹಣ್ಣುಗಳಿಂದಲೂ ತೊಂದರೆ ಆಗುತ್ತೆ ಅಂತ ಕೇಳಿದ್ದೆ.
— ಮಲ್ಲೇಶ್ವರ

ಉತ್ತರ: ಧನಿಯ, ಜೀರಿಗೆ, ಮೆಣಸು, ಶುಂಠಿ ಹಾಕಿದ ಮನೆ ಕಷಾಯದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ನೋಡಬೇಕಾದದ್ದು ಅತಿಮಧುರ. ಅದನ್ನು ವಾರಗಟ್ಟಲೆ ಹೆಚ್ಚಾಗಿ ಕುಡಿದರೆ ದೇಹದಲ್ಲಿ ಉಪ್ಪು-ನೀರು ನಿಂತು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಮೊದಲೇ ಇಳಿದಿರಬಹುದು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇಳಿದರೆ ಅದೇ ಡೋಸ್ ವಿಷವಾಗಬಹುದು. ಕಾಲು ಸೋಲುವುದು, ಮಾಂಸಖಂಡ ಹಿಡಿದುಕೊಳ್ಳುವುದು ಪೊಟ್ಯಾಸಿಯಂ ಇಳಿದದ್ದರ ಲಕ್ಷಣ.

ಸಾರಿನ ಅರಿಶಿನ ಸರಿ. ಅರಿಶಿನದ ಸತ್ವದ ಕ್ಯಾಪ್ಸೂಲ್ ವಾರ್ಫರಿನ್ ಜೊತೆ ಬೇಡ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ಇಸಬ್‌ಗೋಲ್ ಕುಡಿಯುವವರು ಮಾತ್ರೆಗಳಿಂದ 2 ಗಂಟೆ ದೂರ ಇಡಿ. ಲೇಬಲ್ ಇಲ್ಲದ ಮಂಡಿನೋವಿನ ಪುಡಿ, ಉಬ್ಬಸದ ಪುಡಿ ಮುಟ್ಟಲೇಬೇಡಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಆಯುರ್ವೇದ ವೈದ್ಯರ ಹತ್ತಿರ ಹೋದಾಗಲೂ ನಿಮ್ಮ ಮಾತ್ರೆಗಳ ಪಟ್ಟಿ ತೋರಿಸಿ.

ಹಣ್ಣುಗಳ ಪೈಕಿ ಹೆಸರಾದದ್ದು ಗ್ರೇಪ್‌ಫ್ರೂಟ್. ಅದು ನಮ್ಮಲ್ಲಿ ಅಷ್ಟು ಸಿಗದಿದ್ದರೂ ಅದರ ಹತ್ತಿರದ ಸಂಬಂಧಿ ಚಕ್ಕೋತ ನಮ್ಮದೇ. ಜಿಐ ಟ್ಯಾಗ್ ಪಡೆದ ತಳಿ ಪಕ್ಕದ ದೇವನಹಳ್ಳಿಯದು. ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ತಡೆಯುವ ಅಂಶ ಚಕ್ಕೋತದಲ್ಲೂ ಇದೆ. ಕಿಡ್ನಿ ಕಸಿಯಾಗಿ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರು ಚಕ್ಕೋತ ತಿನ್ನಲೇಬಾರದು. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರೂ ಬಿಡುವುದು ಒಳ್ಳೆಯದು. ಕಿತ್ತಳೆ, ಮೂಸಂಬಿಗೆ ಈ ಭಯವಿಲ್ಲ.

ಪ್ರಶ್ನೆ: ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಕೊಟ್ಟಿದ್ದಾರೆ. ದಾಂಪತ್ಯಕ್ಕೆ ಸಂಬಂಧಿಸಿದ ಮಾತ್ರೆ ತೆಗೆದುಕೊಳ್ಳಬಹುದೇ? ಡಾಕ್ಟರ ಹತ್ತಿರ ಹೋಗುವಾಗ ಮಗ ಜೊತೆಗಿರುತ್ತಾನೆ, ಕೇಳಲಾಗಲಿಲ್ಲ.
— ಹೆಸರು, ಊರು ಬೇಡ

ಉತ್ತರ: ತೆಗೆದುಕೊಳ್ಳಬೇಡಿ. ಸಾರ್ಬಿಟ್ರೇಟ್ ಮತ್ತು ನೀವು ಕೇಳಿದಂಥ ಮಾತ್ರೆಗಳಲ್ಲಿರುವ ಸಿಲ್ಡೆನಾಫಿಲ್ ಎರಡೂ ರಕ್ತನಾಳ ಸಡಿಲಿಸುತ್ತವೆ; ಸೇರಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು. ಎದೆನೋವಿನ ಇನ್ನೊಂದು ಮಾತ್ರೆ ನಿಕೊರಾಂಡಿಲ್ ಜೊತೆಗೂ ಹೀಗೇ. ಈಗಾಗಲೇ ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದು ಎದೆನೋವು ಬಂದರೆ ಸಾರ್ಬಿಟ್ರೇಟ್ ಇಡಬೇಡಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಆ ಅಪಾಯ ಇರುತ್ತದೆ. 108ಕ್ಕೆ ಕರೆ ಮಾಡಿ, ಎಮರ್ಜೆನ್ಸಿಯಲ್ಲಿ ಮೊದಲ ಮಾತಾಗಿ ಅದನ್ನೇ ಹೇಳಿ. ‘ಗಿಡಮೂಲಿಕೆ ಶಕ್ತಿವರ್ಧಕ’ ಎಂದು ಮಾರುವ ಕೆಲವು ಕ್ಯಾಪ್ಸೂಲ್‌ಗಳಲ್ಲೂ ಸಿಲ್ಡೆನಾಫಿಲ್ ಬೆರೆಸಿದ್ದು ಸಿಕ್ಕಿಬಿದ್ದಿದೆ. ‘ಡಾಕ್ಟರ ಹತ್ತಿರ ಎರಡು ನಿಮಿಷ ಒಬ್ಬನೇ ಮಾತಾಡಬೇಕು’ ಎಂದು ಮಗನಿಗೆ ಹೇಳುವುದು ನಿಮ್ಮ ಹಕ್ಕು. ಬೇರೆ ಚಿಕಿತ್ಸೆಗಳಿವೆ.

ಪ್ರಶ್ನೆ: ಅತ್ತೆಗೆ 68. ಸಕ್ಕರೆಗೆ ಒಬ್ಬ ಡಾಕ್ಟರು, ಹೃದಯಕ್ಕೆ ಇನ್ನೊಬ್ಬರು, ಕಣ್ಣಿಗೆ ಮತ್ತೊಬ್ಬರು. ದಿನಕ್ಕೆ 11 ಮಾತ್ರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುತ್ತಾರೋ ಇಲ್ಲವೋ ಗೊತ್ತಿಲ್ಲ. ಇದನ್ನೆಲ್ಲ ಯಾರು ನೋಡಬೇಕು?
— ಸೊಸೆ, ರಾಜಾಜಿನಗರ

ಉತ್ತರ: ಬಹಳ ಮನೆಗಳ ಪ್ರಶ್ನೆ ಇದು. ಎಲ್ಲ ಮಾತ್ರೆಗಳೂ ಒಟ್ಟಿಗೆ ಕಾಣುವ ಒಂದೇ ಜಾಗ ನಿಮ್ಮ ಮನೆ. ಆದ್ದರಿಂದ ಪಟ್ಟಿ ಅಲ್ಲೇ ಆಗಬೇಕು.

ಮೇಜಿನ ಮೇಲೆ ಎಲ್ಲವನ್ನೂ ಹರಡಿ. ಕಣ್ಣಿನ ಡ್ರಾಪ್ಸ್, ಇನ್‌ಹೇಲರ್, ಇನ್ಸುಲಿನ್, ವಾರಕ್ಕೊಮ್ಮೆಯ ವಿಟಮಿನ್ ಡಿ, ಲೇಹ್ಯ, ಯಾವಾಗಲೋ ನುಂಗುವ ನೋವಿನ ಮಾತ್ರೆ ಎಲ್ಲವೂ ಸೇರಲಿ. ಕಣ್ಣಿನ ಡ್ರಾಪ್ಸ್ ಏಕೆಂದರೆ, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ರಕ್ತಕ್ಕೆ ಸೇರುತ್ತದೆ. ಮೆಟೊಪ್ರೊಲಾಲ್ ನುಂಗುವವರಲ್ಲಿ ನಾಡಿಬಡಿತ ತೀರಾ ಇಳಿಸಬಹುದು, ಉಬ್ಬಸ ಕೆರಳಿಸಬಹುದು.

ಪ್ರತಿಯೊಂದಕ್ಕೂ ಬ್ರ್ಯಾಂಡ್ ಹೆಸರಲ್ಲ, ಸ್ಟ್ರಿಪ್‌ನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾತಕ್ಕೆ, ಯಾರು ಬರೆದದ್ದು, ಎಂದಿನಿಂದ ಎಂದು ಬರೆಯಿರಿ. ಹೆಸರಿನ ಬಾಲ ಗಮನಿಸಿ: ‘ಎಎಂ’ ಎಂದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ, ‘ಎಚ್’ ಮೂತ್ರದ ಔಷಧ, ‘ಡಿ’ ವಾಂತಿ ತಡೆಯುವ ಡೊಂಪೆರಿಡೋನ್, ‘ಎಂ1, ಎಂ2’ ಎಂದರೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ 1 ಅಥವಾ 2 ಮಿಲಿಗ್ರಾಂ. ಬಾಲದ ಮೇಲೆ ಪೂರ್ತಿ ಭರವಸೆ ಬೇಡ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಇಷ್ಟು ಬರೆದಾಗಲೇ ಎಷ್ಟೋ ಸಲ ತಪ್ಪು ಕಣ್ಣಿಗೆ ಬೀಳುತ್ತದೆ. ಒಬ್ಬರು ಬರೆದ ಟೆಲ್ಮಿಸಾರ್ಟಾನ್ 40, ಇನ್ನೊಬ್ಬರು ಬರೆದ ಟೆಲ್ಮಿಸಾರ್ಟಾನ್-ಎಎಂ ಎರಡೂ ನಡೆಯುತ್ತಿರುತ್ತವೆ. ಡೊಂಪೆರಿಡೋನ್ ಇರುವ ಗ್ಯಾಸ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿರುತ್ತಾರೆ. ಅದು ಆ್ಯಂಟಿಬಯಾಟಿಕ್ ಆದ ಕ್ಲಾರಿತ್ರೊಮೈಸಿನ್ ಅಥವಾ ಫಂಗಸ್‌ನ ಫ್ಲುಕೋನಜೋಲ್ ಜೊತೆಯಾದರೆ ಹೃದಯದ ಲಯ ಕೆಡಿಸಬಹುದು.

ಈ ಪಟ್ಟಿಯನ್ನು ಮೂವರಿಗೂ ತೋರಿಸಿ. ಅವರಲ್ಲಿ ಒಬ್ಬರನ್ನು, ಅಥವಾ ಮನೆ ಹತ್ತಿರದ ಫಿಸಿಷಿಯನ್‌ರನ್ನು, ‘ಇಡೀ ಪಟ್ಟಿ ನೀವು ನೋಡಿ ಸರ್’ ಎಂದು ನೇರವಾಗಿ ಕೇಳಿಕೊಳ್ಳಿ. ಆರು ತಿಂಗಳಿಗೊಮ್ಮೆ ಸಾಕು. ಅದರ ನಡುವೆ ಕಣ್ಣಿಡಬೇಕಾದದ್ದು ಹೊಸ ಔಷಧ ಸೇರಿದಾಗ, ಹಳೆಯದು ನಿಂತಾಗ, ಡೋಸ್ ಬದಲಾದಾಗ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಾಗ. ಅಲ್ಲಿಂದ ಎರಡು ವಾರ ಹೊಸ ಸುಸ್ತು, ತಲೆಸುತ್ತು, ಗೊಂದಲ, ಬೀಳುವುದು ಕಂಡರೆ ವಯಸ್ಸಿನ ಮೇಲೆ ಹಾಕಬೇಡಿ, ಔಷಧವನ್ನು ಮೊದಲು ಅನುಮಾನಿಸಿ.

ನಿಮ್ಮ ಅತ್ತೆಯವರಿಗೆ ಗ್ಲಿಮೆಪಿರೈಡ್ ಇದ್ದರೆ, ಕೋಟ್ರೈಮಾಕ್ಸಜೋಲ್, ಕ್ಲಾರಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್, ಫ್ಲುಕೋನಜೋಲ್ ಯಾವುದೇ ಸೇರಿದರೂ ಸಕ್ಕರೆ ಇಳಿಯಬಹುದು. ಆ ದಿನಗಳಲ್ಲಿ ಗ್ಲುಕೋಮೀಟರ್‌ನಲ್ಲಿ ಹೆಚ್ಚು ಸಲ ನೋಡಿ. ಬೀಟಾ ಬ್ಲಾಕರ್ ಇದ್ದರೆ ಸಕ್ಕರೆ ಇಳಿದದ್ದರ ಸೂಚನೆಗಳಾದ ನಡುಕ, ಎದೆಬಡಿತ ಮರೆಯಾಗುತ್ತವೆ, ಬೆವರು ಮಾತ್ರ ಉಳಿಯುತ್ತದೆ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಆಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108. ಗ್ಲಿಮೆಪಿರೈಡ್‌ನಿಂದ ಇಳಿದ ಸಕ್ಕರೆ ಸರಿಹೋದ ಮೇಲೂ ಮತ್ತೆ ಇಳಿಯುತ್ತದೆ. ಒಂದು ದಿನ ಒಬ್ಬರನ್ನೇ ಬಿಡಬೇಡಿ.

ಮೆಡಿಕಲ್ ಶಾಪ್ ಒಂದೇ ಇರಲಿ. ‘ಆ ಕಂಪನಿ ಇಲ್ಲ, ಇದು ಅದೇ’ ಎಂದು ಕೊಟ್ಟರೆ ಹಿಂದಿನ ಹೆಸರು, ಮಿಲಿಗ್ರಾಂ ತಾಳೆ ನೋಡಿ. ಜನೌಷಧಿ ಕೇಂದ್ರದ ಮಾತ್ರೆಯಲ್ಲಿ ಔಷಧದ ಹೆಸರೇ ದೊಡ್ಡದಾಗಿರುವುದರಿಂದ ಇದು ಸುಲಭ. ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟಾಗ ಹೆಸರು, ಅವಧಿ ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತದೆ. ಕತ್ತರಿಸುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಪ್ರಶ್ನೆ: ಔಷಧದಿಂದ ತೊಂದರೆಯಾದರೆ ಎಲ್ಲಿ ತಿಳಿಸುವುದು?
— ಹೆಬ್ಬಾಳ

ಉತ್ತರ: ಮೊದಲು ನಿಮ್ಮ ಡಾಕ್ಟರಿಗೆ. ಆಮೇಲೆ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ) ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕೆಲಸದ ದಿನಗಳಲ್ಲಿ ಕರೆ ಮಾಡಬಹುದು. ರೋಗಿಯೇ ಅಥವಾ ಮನೆಯವರೇ ತಿಳಿಸಬಹುದು, ಔಷಧವೇ ಕಾರಣ ಎಂದು ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಸಾಕು. ಯಾವ ಮಾತ್ರೆ, ಎಂದು ಶುರು, ಏನಾಯಿತು, ನಿಲ್ಲಿಸಿದ ಮೇಲೆ ಹೇಗಿದೆ, ಅದೇ ಹೊತ್ತಿಗೆ ಬೇರೆ ಏನು ತೆಗೆದುಕೊಳ್ಳುತ್ತಿದ್ದರು ಎಂದು ಕೇಳುತ್ತಾರೆ. ಖಾಲಿ ಸ್ಟ್ರಿಪ್ ಎಸೆಯಬೇಡಿ, ಬ್ಯಾಚ್ ನಂಬರ್ ಇರುವುದು ಅದರ ಮೇಲೆ.